ಪಕ್ಕದ ಸೀಟಿನವರು ಕೆಲಸ ಮಾಡದಿದ್ದರೆ ನಮ್ಮ ಉತ್ಸಾಹ ಉಳಿಸಿಕೊಳ್ಳುವುದು ಹೇಗೆ?

ಹೊಸ_ದ್ವಿದಸ:
ಎಲ್ಲರಿಗೂ ನಮಸ್ಕಾರ. ನಾನು ತಾಲ್ಲೂಕು ಮಟ್ಟದ ಒಂದು ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕ. ಯಾವ ತಾಲ್ಲೂಕು, ಯಾವ ಇಲಾಖೆ ಎಂದು ದಯವಿಟ್ಟು ಕೇಳಬೇಡಿ. ಪ್ರೊಬೇಷನ್ ಇನ್ನೂ ಮುಗಿದಿಲ್ಲ.

ನಮ್ಮ ಸೆಕ್ಷನ್ನಿನಲ್ಲಿ ಐದು ಸೀಟು. ಒಂದು ಹುದ್ದೆ ಖಾಲಿ. ಉಳಿದ ನಾಲ್ವರಲ್ಲಿ ಫೈಲು ಮುಟ್ಟುವವರು ನಾನು ಮತ್ತು ಒಬ್ಬ ಮೇಡಂ. ಮೂರನೆಯವರು ಬೆಳಿಗ್ಗೆ ಹೆಬ್ಬೆಟ್ಟು ಒತ್ತಿ ಹೋದರೆ ಮತ್ತೆ ಕಾಣುವುದು ಸಂಜೆ ಹೆಬ್ಬೆಟ್ಟು ಒತ್ತುವಾಗ. ನಾಲ್ಕನೆಯವರು ಸೀಟಿನಲ್ಲೇ ಇರುತ್ತಾರೆ, ಆದರೆ ಯಾರಾದರೂ ಅರ್ಜಿ ಹಿಡಿದು ಬಂದರೆ "ಸರ್ವರ್ ಇಲ್ಲ, ನಾಳೆ ಬನ್ನಿ" ಎನ್ನುತ್ತಾರೆ. ಅದೇ ಸರ್ವರ್ ನನ್ನ ಟೇಬಲ್ಲಿಗೆ ಮಾತ್ರ ಹೇಗೋ ಬರುತ್ತದೆ. ಆ ಜನ ನನ್ನ ಹತ್ತಿರ ಬರುತ್ತಾರೆ. ಸಾಹೇಬರೂ "ನೀವು ಚುರುಕಾಗಿದ್ದೀರಿ, ಇದನ್ನೂ ಒಂದು ನೋಡಿಬಿಡಿ" ಎಂದು ಅವರ ಫೈಲನ್ನು ನನ್ನ ಮೇಲೆ ಹಾಕುತ್ತಾರೆ.

ಸಂಬಳ ಒಂದೇ. ಇನ್‌ಕ್ರಿಮೆಂಟ್ ಒಂದೇ. 2024ರ ಆಗಸ್ಟಿನಿಂದ ಏಳನೇ ವೇತನ ಆಯೋಗದ ಸಂಬಳ ಬಂದಾಗಲೂ ಎಲ್ಲರಿಗೂ ಒಂದೇ ಲೆಕ್ಕದಲ್ಲಿ ಏರಿತು. ಅದಕ್ಕೆ ನನ್ನ ತಕರಾರಿಲ್ಲ. ನನ್ನ ಭಯ ಬೇರೆ. ಈಚೆಗೆ ನನಗೇ ಬೇಜಾರು ಶುರುವಾಗಿದೆ. ಹತ್ತು ನಿಮಿಷದ ಟಿಪ್ಪಣಿಯನ್ನೂ "ಮಧ್ಯಾಹ್ನ ನೋಡೋಣ" ಎಂದು ಪಕ್ಕಕ್ಕಿಡುತ್ತಿದ್ದೇನೆ. ವರ್ಷಗಟ್ಟಲೆ ಓದಿ ಹಿಡಿದ ಕೆಲಸ ಇದು. ಹೀಗೆ ಆಗದಂತೆ ನೀವೆಲ್ಲ ಏನು ಮಾಡುತ್ತೀರಿ?

ಮೈಸೂರ್_ಪಾಕು:
ಕಾಯಕವೇ ಕೈಲಾಸ ಸರ್. ಬೇರೆಯವರನ್ನು ನೋಡಬೇಡಿ, ನಿಮ್ಮ ಪಾಡಿಗೆ ನೀವು ಮಾಡಿ.

ಹೊಸ_ದ್ವಿದಸ:
ಆ ಬೋರ್ಡು ನಮ್ಮ ಆಫೀಸಿನಲ್ಲೂ ಇದೆ. ಹೆಬ್ಬೆಟ್ಟು ಸಾಹೇಬರ ಖಾಲಿ ಕುರ್ಚಿಯ ಮೇಲೇ ನೇತುಹಾಕಿದ್ದಾರೆ.

ನಿವೃತ್ತ_ಶಿರಸ್ತೇದಾರ್:
ತಮ್ಮಾ, ನಾನು ಸ್ವಲ್ಪ ಉದ್ದ ಬರೆಯುತ್ತೇನೆ. ಟೈಮ್ ಇದೆ ನನಗೆ.

ಮೊದಲು ಆ ಇಬ್ಬರನ್ನು ಬೇರೆ ಬೇರೆಯಾಗಿ ನೋಡಿ. ಕೆಲಸ ಮಾಡದವರೆಲ್ಲ ಒಂದೇ ಜಾತಿಯಲ್ಲ. ಕೆಲವರಿಗೆ ಕೆಲಸ ಬರುವುದಿಲ್ಲ. ನಾನು ಸೇರಿದಾಗ ಪಹಣಿ ಕೈಯಲ್ಲೇ ಬರೆಯುತ್ತಿದ್ದರು. 2000ದ ಹೊತ್ತಿಗೆ ಪಹಣಿಯನ್ನು ಕಂಪ್ಯೂಟರಿಗೆ ಹಾಕುವ "ಭೂಮಿ" ಯೋಜನೆ ಬಂತು. ಆಮೇಲೆ ನಾಡಕಚೇರಿಗಳಿಗೆ ಕಂಪ್ಯೂಟರ್ ಬಂತು, ಅರ್ಜಿಗೆ ಇಷ್ಟು ದಿನ ಎಂದು ಗಡುವು ಹಾಕುವ ಸಕಾಲ ಬಂತು, ಫೈಲನ್ನು ಕಂಪ್ಯೂಟರಿನಲ್ಲೇ ನಡೆಸುವ ಇ-ಆಫೀಸ್ ಬಂತು. ಪ್ರತಿ ಸಲವೂ ಕೆಲವರು ಹಿಂದೆ ಉಳಿದರು. ರಿಜಿಸ್ಟರ್ ಬರೆಯುವುದರಲ್ಲಿ ಪಂಟರಾಗಿದ್ದವರು ಪಾಸ್‌ವರ್ಡ್ ಮರೆತು ಹುಡುಗರ ಮುಂದೆ ಕೈಕಟ್ಟಿ ನಿಲ್ಲಬೇಕಾಯಿತು. ಆ ಅವಮಾನಕ್ಕಿಂತ ಟೀ ಅಂಗಡಿಯೇ ವಾಸಿ ಎನಿಸುತ್ತದೆ. ನಿಮ್ಮ "ಸರ್ವರ್ ಇಲ್ಲ" ಸಾಹೇಬರು ಇಂಥವರಾ? ಯಾರೂ ಇಲ್ಲದಾಗ ಒಂದು ಟಿಪ್ಪಣಿ ಒಟ್ಟಿಗೆ ಕೂತು ಹಾಕಿ ನೋಡಿ, ತಿಳಿಯುತ್ತದೆ. ಹಾಗಿದ್ದರೆ ಅವರನ್ನು ಎಬ್ಬಿಸಬಹುದು. ಕಾನೂನು, ಹಳೆಯ ಸುತ್ತೋಲೆ, ಯಾವ ಸರ್ವೆ ನಂಬರಿನ ಕಥೆ ಏನು, ಇವು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತವೆ. ನೀವು ಟೈಪ್ ಮಾಡಿ ತೋರಿಸಿ, ಅವರು ಫೈಲು ಹೇಳಿಕೊಡಲಿ.

ಇನ್ನು ಕೆಲವರು ಬೇರೆ ಕಡೆ ದುಡಿಯುತ್ತಿರುತ್ತಾರೆ. ಚುನಾವಣೆ, ಕೋರ್ಟು, ಜಿಲ್ಲಾ ಕಚೇರಿಗೆ ಓಡಾಟ. ನಿಮ್ಮ ಕಣ್ಣಿಗೆ ಬರೀ ಖಾಲಿ ಕುರ್ಚಿ ಕಾಣುತ್ತದೆ. ಹೆಬ್ಬೆಟ್ಟಿನವರ ಬಗ್ಗೆ ಮೊದಲು ಅದನ್ನು ವಿಚಾರಿಸಿ. ಅದೂ ಅಲ್ಲ ಎಂದಾದರೆ ಅವರು ಮೈಗಳ್ಳರೇ. ಅವರನ್ನು ತಿದ್ದುವುದು ನಿಮ್ಮ ಕೆಲಸವಲ್ಲ, ನಿಮ್ಮ ಕೈಲಾಗುವುದೂ ಇಲ್ಲ.

ಕೊನೆಯದು, ಇದನ್ನು ಮಾತ್ರ ಮರೆಯಬೇಡಿ. ಅವರ ಲಾಗಿನ್‌ನಲ್ಲಿ ಕೂತು ಅವರ ಫೈಲು ಮಾಡಬೇಡಿ. "ನನ್ನ ಡಾಂಗಲ್ (ಡಿಜಿಟಲ್ ಸಹಿಯ ಕೀ) ಅಲ್ಲೇ ಇದೆ, ಹಾಕಿಬಿಡಪ್ಪ" ಎನ್ನುತ್ತಾರೆ. ಬೇಡವೇ ಬೇಡ. ಕೆಲಸ ಸರಿ ಹೋದರೆ ಹೆಸರು ಅವರಿಗೆ. ತಪ್ಪಾದರೆ ಇಲಾಖಾ ವಿಚಾರಣೆಯಲ್ಲಿ ಇಬ್ಬರೂ ನಿಲ್ಲಬೇಕು, ನೀವು ಮುಂದೆ.

ಸಿಲ್ಕ್‌ಬೋರ್ಡ್_ಸಂತ್ರಸ್ತೆ:
ಪ್ರೈವೇಟ್ ಕಡೆಯಿಂದ ಎರಡು ಮಾತು. ಸರ್ಕಾರಿ ಆಫೀಸಿನಲ್ಲಿ ಮಾತ್ರ ಹೀಗೆ ಅಂದುಕೊಳ್ಳಬೇಡಿ. ನಮ್ಮ ಟೀಮಿನಲ್ಲೂ ಬೆಳಗಿನ ಮೀಟಿಂಗಿನಲ್ಲಿ ದಿನಾ ಅದೇ ಕೆಲಸದ ಬಗ್ಗೆ "ಇನ್ನೇನು ಮುಗಿಯಿತು" ಎನ್ನುವವರಿದ್ದಾರೆ. ವಾರ ಕಳೆದರೂ ಇನ್ನೇನು ಮುಗಿಯುತ್ತಲೇ ಇರುತ್ತದೆ. ಬಗ್ (ಸಾಫ್ಟ್‌ವೇರ್ ದೋಷ) ಬೇಗ ಮುಗಿಸಿದವರಿಗೆ ಬಹುಮಾನ ಏನು ಗೊತ್ತಾ? ಇನ್ನೊಂದು ಬಗ್.

ನಮ್ಮಲ್ಲಿ ಅಪ್ರೈಸಲ್ ಇದೆ, ಅಲ್ಲಿ ನ್ಯಾಯ ಸಿಗುತ್ತದೆ ಎಂದು ನೀವು ಅಂದುಕೊಂಡಿರಬಹುದು. ಚೆನ್ನಾಗಿ ಸ್ಲೈಡ್ ಮಾಡುವವರಿಗೆ ನ್ಯಾಯ ಸಿಗುತ್ತದೆ. ಒಂದೇ ವ್ಯತ್ಯಾಸ ಎಂದರೆ ನಾನು ಕಂಪನಿ ಬದಲಾಯಿಸಬಹುದು, ನೀವು ಹಾಗೆ ಮಾಡಲಾರಿರಿ. ನನಗೆ ಉಪಯೋಗವಾದದ್ದು ಒಂದು ಸಣ್ಣ ಅಭ್ಯಾಸ. ಶುಕ್ರವಾರ ಸಂಜೆ ಮ್ಯಾನೇಜರಿಗೆ ನಾಲ್ಕು ಸಾಲಿನ ಮೇಲ್ ಹಾಕುತ್ತೇನೆ. ಈ ವಾರ ಏನು ಮುಗಿಯಿತು, ಏನು ಬಾಕಿ, ಬೇರೆಯವರ ಕೆಲಸ ಎಷ್ಟು ನನ್ನ ಪಾಲಿಗೆ ಬಂತು. ದೂರು ಅಲ್ಲ, ಬರೀ ಪಟ್ಟಿ. ಮೊದಲು ನನ್ನ ಕೆಲಸ ನನಗೇ ಮರೆತುಹೋಗುತ್ತಿತ್ತು. "ಇಡೀ ವಾರ ಏನು ಮಾಡಿದೆ" ಎಂಬ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಉತ್ಸಾಹ ಎಲ್ಲಿಂದ ಬರಬೇಕು?

ಐದು_ವರ್ಷ_ಆಗಲಿ:
ಹೊಸದರಲ್ಲಿ ಎಲ್ಲರೂ ಹೀಗೇ ಬರೆಯುತ್ತಾರೆ. ಐದು ವರ್ಷ ಆಗಲಿ, ನೀವೂ ಅದೇ ಟೀ ಅಂಗಡಿಯಲ್ಲಿ ಇರುತ್ತೀರಿ. ಬಡ್ತಿ ಬರುವುದು ಜ್ಯೇಷ್ಠತೆ ಮೇಲೆ. ಹತ್ತು ವರ್ಷಕ್ಕೆ ಕಾಲಬದ್ಧ ಬಡ್ತಿ ಹೇಗಿದ್ದರೂ ಬರುತ್ತದೆ. ಸುಮ್ನೆ ಯಾಕೆ ಬಿಪಿ ಏರಿಸಿಕೊಳ್ಳುತ್ತೀರಿ?

ಬ್ಯಾಂಕಮ್ಮ_ಧಾರವಾಡ:
ಐದು ವರ್ಷದವರೇ, ನನಗೆ ಸರ್ವಿಸ್ ಅದಕ್ಕಿಂತ ಭಾಳ ಆಗಿದೆ, ನಾನಿನ್ನೂ ಕೌಂಟರಿನಲ್ಲೇ ಇದ್ದೇನೆ ನೋಡ್ರಿ. ಎಲ್ಲರೂ ನಿಮ್ಮ ಹಾಗೆ ಆಗುವುದಿಲ್ಲ.

ಹೊಸಬರಿಗೆ ನನ್ನ ಅನುಭವದ ಮಾತು. ನಮ್ಮ ಬ್ರಾಂಚಿನಲ್ಲಿಯೂ ಕ್ಯೂ ಎಲ್ಲ ನನ್ನ ಕಡೆಗೇ. ಪಕ್ಕದ ಕೌಂಟರ್ ಖಾಲಿ ಇದ್ದರೂ "ಅಕ್ಕಾರ ಹತ್ತಿರವೇ ಮಾಡಿಸುತ್ತೇವೆ" ಎಂದು ಜನ ನಿಲ್ಲುತ್ತಿದ್ದರು. ಮೊದಮೊದಲು ಹೆಮ್ಮೆ ಅನಿಸುತ್ತಿತ್ತು. ಆಮೇಲೆ ಭುಜ ನೋವು ಶುರುವಾಯಿತು. ಟೋಕನ್ ಮಷಿನ್ ಬಂದ ಮೇಲೆ ಅರ್ಧ ಸಮಸ್ಯೆ ತಾನೇ ಮುಗಿಯಿತು. ಯಾರ ನಂಬರ್ ಯಾವ ಕೌಂಟರಿಗೆ ಬರುತ್ತದೋ ಅಲ್ಲಿಗೇ ಹೋಗಬೇಕು. ಪಕ್ಕದವರನ್ನು ಯಾರೂ ಬೈಯಲಿಲ್ಲ, ಅವರ ಸ್ವಭಾವವೂ ಬದಲಾಗಲಿಲ್ಲ. ಆದರೆ ಅವರ ಮುಂದೆ ಮನುಷ್ಯ ಬಂದು ನಿಂತ, ಮಾಡಲೇಬೇಕಾಯಿತು.

ಒಂದು ಮಾತ್ರ ನೆನಪಿಡ್ರಿ. ಜನರ ಮುಂದೆ ಸಹೋದ್ಯೋಗಿಯನ್ನು ಬೈಯಬೇಡಿ. "ಅವರು ಮಾಡುವುದಿಲ್ಲ, ನಾನೇ ಮಾಡಿಕೊಡುತ್ತೇನೆ" ಎಂದು ಒಂದು ಸಲ ಹೇಳಿದರೆ ಮುಗಿಯಿತು. ಆ ಕೆಲಸ ಜೀವನಪೂರ್ತಿ ನಿಮ್ಮದೇ.

ಸೈಕಾಲಜಿ_ಮೇಷ್ಟ್ರು:
ಈ ವಿಷಯ ಬಂದರೆ ನಾನು ಸುಮ್ಮನಿರುವುದು ಕಷ್ಟ. ಪದವಿ ಕಾಲೇಜಿನಲ್ಲಿ ಇದನ್ನೇ ಪಾಠ ಮಾಡುತ್ತೇನೆ.

ಫ್ರಾನ್ಸಿನಲ್ಲಿ ಮ್ಯಾಕ್ಸಿಮಿಲಿಯನ್ ರಿಂಗಲ್‌ಮನ್ ಎಂಬ ಕೃಷಿ ಎಂಜಿನಿಯರ್ ಇದ್ದರು. 1880ರ ದಶಕದಲ್ಲಿ ಜನರಿಂದ ಹಗ್ಗ ಎಳೆಸಿ ಬಲ ಅಳೆದರು, 1913ರಲ್ಲಿ ಅದನ್ನು ಪ್ರಕಟಿಸಿದರು. ಗುಂಪು ದೊಡ್ಡದಾದಷ್ಟೂ ಒಬ್ಬೊಬ್ಬರ ಪಾಲಿನ ಎಳೆತ ಕಡಿಮೆಯಾಗುತ್ತದೆ ಎಂದು ಕಂಡಿತು. ಎಲ್ಲರೂ ಒಂದೇ ಹೊತ್ತಿಗೆ, ಒಂದೇ ದಿಕ್ಕಿಗೆ ಎಳೆಯದೇ ಇರುವುದೂ ಒಂದು ಕಾರಣ. 1979ರಲ್ಲಿ ಅಮೆರಿಕದ ಲಟಾನೆ, ವಿಲಿಯಮ್ಸ್, ಹಾರ್ಕಿನ್ಸ್ ಎಂಬ ಮೂವರು ಜನರಿಂದ ಚಪ್ಪಾಳೆ ಹೊಡೆಸಿ, ಕೂಗಿಸಿ ನೋಡಿದರು. ಗುಂಪಿನಲ್ಲಿ ಕೂಗುತ್ತಿದ್ದೇವೆ ಎಂದು ನಂಬಿದವನು ಮೆಲ್ಲಗೆ ಕೂಗಿದ. ಎರಡು ವರ್ಷದ ನಂತರ ಅದೇ ತಂಡ ಇನ್ನೊಂದು ತೋರಿಸಿತು. ನಿನ್ನ ದನಿ ಎಷ್ಟು ಎಂದು ಬೇರೆಯಾಗಿ ಅಳೆಯುತ್ತೇವೆ ಎಂದು ಹೇಳಿದರೆ ಆ ಸೋಮಾರಿತನ ಹೋಗುತ್ತದೆ. ಬ್ಯಾಂಕಮ್ಮ ಅವರ ಟೋಕನ್ ಮಷಿನ್ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ.

ಆದರೆ ಇಲ್ಲಿ ಕೇಳಿರುವುದು ಸೋಮಾರಿಯ ಬಗ್ಗೆ ಅಲ್ಲ, ದುಡಿಯುವವನ ಬಗ್ಗೆ. ಅದಕ್ಕೂ ಪ್ರಯೋಗ ಇದೆ. 1983ರಲ್ಲಿ ನಾರ್ಬರ್ಟ್ ಕೆರ್ ತೋರಿಸಿದ್ದು: ಜೊತೆಗಾರನಿಗೆ ಶಕ್ತಿ ಇದೆ, ಆದರೂ ನನ್ನ ದುಡಿಮೆ ಮೇಲೆ ಸವಾರಿ ಮಾಡುತ್ತಿದ್ದಾನೆ ಎಂದು ತಿಳಿದಾಗ ಜನ ತಮ್ಮ ಕೈಯನ್ನೂ ಹಿಂದಕ್ಕೆ ಎಳೆಯುತ್ತಾರೆ. ತಮಗೆ ನಷ್ಟವಾದರೂ ಸರಿ, ಮಂಗ ಆಗುವುದು ಬೇಡ ಎಂದು. ಅದೇ ಜೊತೆಗಾರನಿಗೆ ಕೈಲಾಗುವುದಿಲ್ಲ ಎಂದು ಗೊತ್ತಾದರೆ ಅಷ್ಟು ಸಿಟ್ಟು ಬರುವುದಿಲ್ಲ. ಶಿರಸ್ತೇದಾರ್ ಸರ್ ಮಾಡಿದ ವಿಂಗಡಣೆ ಇದೇ ಅಲ್ವಾ?

1991ರಲ್ಲಿ ವಿಲಿಯಮ್ಸ್ ಮತ್ತು ಕರಾವ್ ಇದರ ಇನ್ನೊಂದು ಮುಖ ನೋಡಿದರು. ಕೆಲಸ ಮುಖ್ಯ ಎಂದು ಅನಿಸಿದರೆ, ಜೊತೆಗಾರ ಸರಿಯಾಗಿ ಮಾಡುವುದಿಲ್ಲ ಎಂದು ಗೊತ್ತಿದ್ದಾಗ ಜನ ಜಾಸ್ತಿಯೇ ದುಡಿಯುತ್ತಾರೆ. ಹೊಸ_ದ್ವಿದಸ ಅವರ ಮೊದಲ ದಿನಗಳು ಹೀಗಿದ್ದವು, ಈಗ ಕೆರ್ ಹೇಳಿದ ಕಡೆಗೆ ಜಾರುತ್ತಿದ್ದಾರೆ ಎಂದು ನನ್ನ ಊಹೆ. ಆ ಬೇಜಾರು ನಿಮ್ಮ ಗುಣದ ದೋಷ ಅಲ್ಲ. ಸಾಮಾನ್ಯ ಮನುಷ್ಯ ಹೀಗೇ ನಡೆದುಕೊಳ್ಳುತ್ತಾನೆ.

ಪೀಣ್ಯ_ಬಿ_ಶಿಫ್ಟ್:
ಮೇಷ್ಟ್ರೇ, ಒಂದು ವಿಷಯ ಬಿಟ್ಟಿರಿ. ಯಾರಿಗೆ ಲಾಭ?

ನಾನು ಫ್ಯಾಕ್ಟರಿಯ ಪ್ರೆಸ್ ಶಾಪಿನಲ್ಲಿ, ತಗಡು ಒತ್ತುವ ಯಂತ್ರದ ಮುಂದೆ ಕೆಲಸ ಮಾಡುವವನು. ನಮ್ಮಲ್ಲಿ ಹೊಸ ಹುಡುಗ ಬಂದು ಟಾರ್ಗೆಟ್ ದಾಟಿ ಪೀಸ್ ಹೊಡೆದರೆ ಹಳಬರು ಮೆಲ್ಲಗೆ ಹೋಗಪ್ಪಾ ಎನ್ನುತ್ತಾರೆ. ಹೊರಗಿನಿಂದ ನೋಡಿದವರಿಗೆ ಅದು ಸೋಮಾರಿತನ. ಆದರೆ ಅವನು ಇವತ್ತು ಹೊಡೆದ ಲೆಕ್ಕವೇ ನಾಳೆ ಎಲ್ಲರ ಟಾರ್ಗೆಟ್ ಆಗುತ್ತದೆ, ಇನ್ಸೆಂಟಿವ್ ಮಾತ್ರ ಅಲ್ಲೇ ಇರುತ್ತದೆ. ವಯಸ್ಸಾದವರ ಕೈ ಆ ಸ್ಪೀಡಿಗೆ ಓಡುವುದಿಲ್ಲ. ಪ್ರೆಸ್ಸಿನ ಮುಂದೆ ಅವಸರ ಮಾಡಿದರೆ ಬೆರಳೇ ಹೋಗುತ್ತದೆ.

ನಿಮ್ಮ ಆಫೀಸಿಗೂ ಇದನ್ನೇ ಹೇಳುತ್ತೇನೆ. ಐದನೇ ಸೀಟು ಖಾಲಿ ಎಂದಿರಿ. ನೀವು ಇಬ್ಬರು ಐದು ಜನರ ಕೆಲಸ ಎಳೆಯುತ್ತಿದ್ದರೆ ಆ ಹುದ್ದೆ ಯಾಕೆ ತುಂಬುತ್ತಾರೆ? ಮೇಲಿನವರಿಗೆ ಎಲ್ಲ ಸರಾಗವಾಗಿ ನಡೆಯುತ್ತಿದೆ ಎಂದೇ ಕಾಣುತ್ತದೆ. ನಿಮ್ಮ ಸಿಟ್ಟೆಲ್ಲ ಟೀ ಅಂಗಡಿಯವರ ಮೇಲೆ. ಖಾಲಿ ಕುರ್ಚಿಯ ಮೇಲೆ ಒಂದಿಷ್ಟೂ ಇಲ್ಲ.

ಹೊಸ_ದ್ವಿದಸ:
ಇದು ನನಗೆ ಹೊಳೆದಿರಲಿಲ್ಲ. ಆದರೆ ಅಣ್ಣಾ, ನಾನು ಕೈ ಬಿಟ್ಟರೆ ತೊಂದರೆಯಾಗುವುದು ಮೇಲಿನವರಿಗಲ್ಲ. ವಿಧವಾ ವೇತನಕ್ಕೆ ಬಸ್ ಹಿಡಿದು ಬಂದ ಅಜ್ಜಿಗೆ. ಅವರಿಗೆ "ಇದು ನನ್ನ ಸೀಟು ಅಲ್ಲ" ಎಂದು ಹೇಳಲು ಬಾಯಿ ಬರುವುದಿಲ್ಲ.

ಪೀಣ್ಯ_ಬಿ_ಶಿಫ್ಟ್:
ಅಜ್ಜಿಗೆ ಹೇಳಿ ಎಂದು ನಾನೆಲ್ಲಿ ಹೇಳಿದೆ? ಸಾಹೇಬರಿಗೆ ಹೇಳಿ.

ಅರ್ಜಿದಾರ:
ನಾನು ಕೌಂಟರಿನ ಆಚೆ ಕಡೆಯವನು. ಅಪ್ಪನ ಜಮೀನಿನ ಪೌತಿ ಖಾತೆಗೆ, ಅಂದರೆ ಅಪ್ಪ ತೀರಿಹೋದ ಮೇಲೆ ಜಮೀನು ವಾರಸುದಾರರ ಹೆಸರಿಗೆ ಮಾಡಿಸಲು ಓಡಾಡಿದ್ದೇನೆ. ಯಾವ ಟೇಬಲ್ಲಿಗೆ ಹೋದರೆ ಕೆಲಸ ಆಗುತ್ತದೆ ಎಂದು ಬಸ್‌ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯವನೇ ಹೇಳುತ್ತಾನೆ. ನಿಮ್ಮಂಥವರು ಯಾರು ಎಂದು ಊರಿಗೆಲ್ಲ ಗೊತ್ತು ಸರ್. ಇದು ಸಮಾಧಾನಕ್ಕೆ ಹೇಳಿದ್ದಲ್ಲ, ಇದ್ದದ್ದು ಇದ್ದ ಹಾಗೆ.

ಒಂದು ಪ್ರಶ್ನೆ. ನಿಮ್ಮ ಕಚೇರಿಯಲ್ಲಿ ಅರ್ಜಿ ತೆಗೆದುಕೊಂಡಾಗ ಸಕಾಲದ ಸ್ವೀಕೃತಿ ಚೀಟಿ ಎಲ್ಲರಿಗೂ ಕೊಡುತ್ತಾರಾ? ಎಷ್ಟೋ ಕಡೆ ಬಿಳಿ ಹಾಳೆಯ ಮೇಲಿನ ಅರ್ಜಿಗೆ ಸೀಲು ಒತ್ತಿ ಕಳಿಸುತ್ತಾರೆ. ಆ ಚೀಟಿಯ ಜಿಎಸ್‌ಸಿ ನಂಬರ್ (ಸಕಾಲದಲ್ಲಿ ಅರ್ಜಿಗೆ ಕೊಡುವ ನಂಬರ್) ಇಲ್ಲ ಎಂದರೆ ದಿನದ ಲೆಕ್ಕವೇ ಶುರುವಾಗುವುದಿಲ್ಲ. ಯಾರು ಎಷ್ಟು ದಿನ ಕೂತರು ಎಂದು ಎಲ್ಲೂ ಕಾಣುವುದಿಲ್ಲ. ಸಕಾಲ ಕಾಯ್ದೆ 2011ರದ್ದು, 2012ರ ಏಪ್ರಿಲ್ 2ರಿಂದ ಜಾರಿಯಲ್ಲಿದೆ. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. 500 ರೂಪಾಯಿಗೆ ಯಾರೂ ಹೆದರುವುದಿಲ್ಲ, ಒಪ್ಪುತ್ತೇನೆ. ಕೇಳುವವರೂ ಕಡಿಮೆ. ಆದರೆ ಬಾಕಿ ಪಟ್ಟಿಯಲ್ಲಿ ಹೆಸರು ಬರುವುದಕ್ಕೆ ಹೆದರುತ್ತಾರೆ.

ನಿವೃತ್ತ_ಶಿರಸ್ತೇದಾರ್:
ಅರ್ಜಿದಾರರು ಸರಿಯಾದ ಜಾಗಕ್ಕೆ ಕೈ ಹಾಕಿದ್ದಾರೆ. ಜಿಲ್ಲಾಧಿಕಾರಿಗಳ ಮೀಟಿಂಗಿನಲ್ಲಿ ಬಾಕಿ ಪಟ್ಟಿ ತೆರೆದಾಗ ನಮ್ಮ ಸಾಹೇಬರ ಮುಖ ನೋಡಬೇಕಿತ್ತು ನೀವು. ವಾಪಸ್ ಬರುವ ಜೀಪಿನಿಂದಲೇ ಫೋನು ಶುರು.

ತಮ್ಮಾ, ಹಾಗಾಗಿ ಹೀಗೆ ಮಾಡಿ. ಸಕಾಲದಲ್ಲಿ ಬರುವ ಅರ್ಜಿ ಯಾರ ಸೀಟಿನದ್ದೇ ಇರಲಿ, ನಿಮ್ಮ ಕೈಗೆ ಬಂದರೆ ನಂಬರ್ ಹಾಕಿಸದೆ ಕಳಿಸಬೇಡಿ. ಅಷ್ಟು ಮಾಡಿದರೆ ಅಜ್ಜಿಗೆ ಸಹಾಯ ಮಾಡಿದ ಹಾಗೂ ಆಯಿತು, ಫೈಲು ಅದರ ಸೀಟಿಗೇ ಹೋದ ಹಾಗೂ ಆಯಿತು. ಸಾಹೇಬರು ಬಾಯಿಮಾತಿನಲ್ಲಿ ಬೇರೆಯವರ ಫೈಲು ಕೊಟ್ಟರೆ "ಆಯ್ತು ಸರ್, ಇ-ಆಫೀಸಿನಲ್ಲಿ ನನಗೆ ಕಳಿಸಿ" ಎನ್ನಿ. ಯಾರಿಂದ ಯಾರಿಗೆ, ಯಾವ ದಿನ ಹೋಯಿತು ಎಂದು ಅಲ್ಲೇ ಉಳಿಯುತ್ತದೆ. ಇಲ್ಲ ಎನ್ನಲೂ ಬೇಕಾಗಿಲ್ಲ, ಜಗಳವೂ ಇಲ್ಲ.

ಹೊಸ_ದ್ವಿದಸ:
ಇಷ್ಟು ಮಾಡಬಹುದು ಸರ್. ಆದರೆ ಪ್ರೊಬೇಷನ್ ಘೋಷಣೆಗೆ ಅವರದೇ ವರದಿ ಬೇಕು. ಬರವಣಿಗೆಯಲ್ಲಿ ಕೇಳಿದರೆ "ಈ ಹುಡುಗ ಲಾ ಮಾತಾಡುತ್ತಾನೆ" ಎಂದು ಹೆಸರು ಬಂದುಬಿಟ್ಟರೆ?

ಐದು_ವರ್ಷ_ಆಗಲಿ:
ಬರುತ್ತದೆ. ನನಗೆ ಬಂದಿತ್ತು. ಅದಕ್ಕೇ ನಾನು ಟೀ ಅಂಗಡಿ ಸೇರಿದ್ದು. ತಮಾಷೆಗೆ ಹೇಳುತ್ತಿಲ್ಲ. ನಾನೂ ನಿಮ್ಮ ಹಾಗೇ ಇದ್ದೆ. ರಜೆ ದಿನವೂ ಹೋಗಿ ರೆಕಾರ್ಡ್ ರೂಮ್ ಜೋಡಿಸಿದವನು. ವರ್ಷದ ಕೊನೆಗೆ ಯಾರೂ ಒಂದು ಮಾತು ಹೇಳಲಿಲ್ಲ, ಮೇಲಾಗಿ ನಾನು ಕೇಳದ ಕಡೆಗೆ ನಿಯೋಜನೆ ಮೇಲೆ ಹಾಕಿದರು. ಇಲ್ಲಿ ಮೇಷ್ಟ್ರು ಹೇಳಿದ ಪ್ರಯೋಗದಲ್ಲಿ ನಾನೂ ಒಬ್ಬ ಎಂದಿಟ್ಟುಕೊಳ್ಳಿ.

ಸಿಲ್ಕ್‌ಬೋರ್ಡ್_ಸಂತ್ರಸ್ತೆ:
ಇದನ್ನು ಮೊದಲೇ ಬರೆಯಬಾರದಿತ್ತಾ? ಬಿಪಿ ಬಗ್ಗೆ ಹೇಳಿದ್ದಕ್ಕಿಂತ ಇದು ಎಷ್ಟೋ ಮೇಲು. ರಜೆ ದಿನ ಹೋಗಿದ್ದು ಯಾರಿಗೂ ಕಾಣಲೇ ಇಲ್ಲ ಅಲ್ವಾ? ನನ್ನ ಪ್ರಕಾರ ಹೊಸ_ದ್ವಿದಸ ಅವರು ಮೊದಲು ನಿಲ್ಲಿಸಬೇಕಾದದ್ದು ಆ ಥರದ ಕೆಲಸ. ಆಫೀಸ್ ಟೈಮಿನಲ್ಲಿ ಪೂರ್ತಿ ದುಡಿಯಿರಿ. ಐದೂವರೆ ಆದ ಮೇಲೆ ಎದ್ದು ಹೋಗಿ.

ಬ್ಯಾಂಕಮ್ಮ_ಧಾರವಾಡ:
ಐದೂವರೆ ಮೇಲಿನ ಹೊತ್ತು ನಿಮ್ಮದು. ಅದರಲ್ಲಿ ಇಲಾಖಾ ಪರೀಕ್ಷೆ ಬರೆದು ಮುಗಿಸಿರಿ. ನಮ್ಮ ಮನೆಯವರು ಸರ್ಕಾರಿ ನೌಕರಿಯಲ್ಲಿದ್ದರು. ಬಡ್ತಿ ಸರದಿ ಬಂದಾಗ ಪರೀಕ್ಷೆ ಪಾಸಾಗದೆ ನಿಂತವರನ್ನು ಭಾಳ ನೋಡಿದ್ದೇನೆ. ಜ್ಯೇಷ್ಠತೆ ಇದ್ದರೂ ಅದು ಆಗಿರಬೇಕು. ಮತ್ತೆ ಆ ಕೆಲಸ ಮಾಡುವ ಮೇಡಂ ಬಗ್ಗೆ ನೀವು ಒಂದೇ ಸಾಲು ಬರೆದಿರಿ. ಅವರೂ ಇದೇ ಸಂಕಟದಲ್ಲಿರಬೇಕಲ್ಲ? ಊಟಕ್ಕೆ ಅವರ ಜೊತೆ ಕೂಡ್ರಿ. ದುಡಿಯುವವರು ಇಬ್ಬರು ಒಟ್ಟಿಗೆ ಹೋಗಿ ಕೇಳಿದರೆ ಸಾಹೇಬರು ಒಬ್ಬರಿಗೆ ಹೆಸರಿಡಲು ಆಗುವುದಿಲ್ಲ.

ಹೊಸ_ದ್ವಿದಸ:
ನಿಜ. ಮೇಡಂ ಹತ್ತಿರ ಇವತ್ತೇ ಮಾತಾಡಿದೆ. ನನಗಿಂತ ಜಾಸ್ತಿ ಬೇಸತ್ತಿದ್ದಾರೆ. ವರ್ಗಾವಣೆಗೆ ಅರ್ಜಿ ರೆಡಿ ಇಟ್ಟುಕೊಂಡಿದ್ದಾರಂತೆ, ನನಗೆ ಗೊತ್ತೇ ಇರಲಿಲ್ಲ. ಇಬ್ಬರೂ ಸಹಿ ಹಾಕುತ್ತೇವೆ. "ಸರ್ವರ್ ಇಲ್ಲ" ಸಾಹೇಬರ ಪಕ್ಕ ಕೂತೂ ನೋಡಿದೆ ಸರ್. ಅವರಿಗೆ ಇ-ಆಫೀಸಿನಲ್ಲಿ ಟಿಪ್ಪಣಿ ಹಾಕುವುದೇ ಗೊತ್ತಿಲ್ಲ. ಆದರೆ ಒಂದು ಹಳೆಯ ಇನಾಂ ಫೈಲಿನ ಬಗ್ಗೆ ಅರ್ಧ ಗಂಟೆ ಹೇಳಿದರು, ನಾನು ಬಾಯಿ ಬಿಟ್ಟು ಕೇಳಿದೆ. ಹೆಬ್ಬೆಟ್ಟಿನವರದು ಮಾತ್ರ ಯಾವ ಕೋರ್ಟೂ ಅಲ್ಲ, ಚುನಾವಣೆಯೂ ಅಲ್ಲ. ಊರಲ್ಲಿ ಗೊಬ್ಬರದ ಅಂಗಡಿ ಇದೆ.

ಸಾಹೇಬರಿಗೆ ಕೊಡುವ ಕಾಗದ ಹೀಗೆ ಬರೆದಿದ್ದೇವೆ:

"ಮಾನ್ಯರೇ, ನಮ್ಮ ಶಾಖೆಯಲ್ಲಿ ಒಂದು ಹುದ್ದೆ ಖಾಲಿ ಇದ್ದು, ಸಹೋದ್ಯೋಗಿಗಳು ಸರಿಯಾಗಿ ಕೆಲಸ ನಿರ್ವಹಿಸದ ಕಾರಣ ನಮ್ಮ ಮೇಲೆ ಹೆಚ್ಚಿನ ಹೊರೆ ಬೀಳುತ್ತಿದೆ. ಸೀಟುವಾರು ಬಾಕಿ ಕಡತಗಳ ಪಟ್ಟಿಯನ್ನು ಲಗತ್ತಿಸಿದೆ. ಶಾಖೆಯ ಕೆಲಸ ಹಂಚಿಕೆ ಆದೇಶವನ್ನು ಹೊಸದಾಗಿ ಹೊರಡಿಸಬೇಕೆಂದೂ, ಖಾಲಿ ಹುದ್ದೆಗೆ ಪ್ರಸ್ತಾವನೆ ಸಲ್ಲಿಸಬೇಕೆಂದೂ ಕೋರುತ್ತೇವೆ."

ಪೀಣ್ಯ_ಬಿ_ಶಿಫ್ಟ್:
ಖಾಲಿ ಹುದ್ದೆ ಸೇರಿಸಿದ್ದು ಚೆನ್ನಾಗಿದೆ.

ನಿವೃತ್ತ_ಶಿರಸ್ತೇದಾರ್:
"ಸಹೋದ್ಯೋಗಿಗಳು ಸರಿಯಾಗಿ ಕೆಲಸ ನಿರ್ವಹಿಸದ ಕಾರಣ" ಎಂಬುದನ್ನು ತೆಗೆಯಿರಿ. ಅದು ಇದ್ದರೆ ಈ ಕಾಗದ ದೂರು ಆಗುತ್ತದೆ, ಸಾಹೇಬರು ಇಬ್ಬರ ಹೇಳಿಕೆ ತೆಗೆದು ಫೈಲು ಮುಚ್ಚುತ್ತಾರೆ. ಅದಿಲ್ಲದಿದ್ದರೆ ಇದು ಬರೀ ಕೋರಿಕೆ, ಏನಾದರೂ ಒಂದು ಆದೇಶ ಬರೆಯಲೇಬೇಕು. ಸೀಟುವಾರು ಪಟ್ಟಿ ಲಗತ್ತಿಸಿದ್ದೀರಲ್ಲ, ಯಾರು ಏನು ಮಾಡುತ್ತಿಲ್ಲ ಎಂದು ಅದರಲ್ಲೇ ಇದೆ. ಕೈಯಲ್ಲಿ ಕೊಡಬೇಡಿ, ಟಪಾಲಿನಲ್ಲಿ ಕೊಟ್ಟು ನಂಬರ್ ಹಾಕಿಸಿಕೊಳ್ಳಿ. ತಿಂಗಳ ಮೀಟಿಂಗ್ ಯಾವತ್ತು ಎಂದು ನೋಡಿಕೊಂಡು ಅದಕ್ಕೆ ಎರಡು ದಿನ ಮೊದಲು ಕೊಡಿ.